ತಾಲ್ಲೂಕು ಊರಿನಲ್ಲಿ ಮನಸ್ಸಿನ ಡಾಕ್ಟರನ್ನು ಹುಡುಕಿದ್ದು

ನಮ್ಮದು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರ. ಹೆಸರು ಬೇಡ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದರಲ್ಲೂ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರು ಎಂದರೆ ಅಪ್ಪನಿಗೂ ಗೊತ್ತು, ಮಗನಿಗೂ ಗೊತ್ತು. ಹಲ್ಲುನೋವಿಗೆ ಯಾರು, ಮಂಡಿನೋವಿಗೆ ಯಾರು, ಸರ್ಪಸುತ್ತಿಗೆ ಯಾರು ಔಷಧಿ ಕೊಡುತ್ತಾರೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮನಸ್ಸು ಸರಿಯಿಲ್ಲ, ಯಾರ ಹತ್ತಿರ ಹೋಗಲಿ ಎಂದು ಮಾತ್ರ ಕೇಳುವ ಹಾಗಿಲ್ಲ. ಬೆಳಿಗ್ಗೆ ಕೇಳಿದರೆ ಮಧ್ಯಾಹ್ನದ ಹೊತ್ತಿಗೆ ಅದು ಸ್ಟಾಫ್ ರೂಮಿಗೆ ಬಂದಿರುತ್ತದೆ.

ನಮ್ಮಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ನೋಡಿಕೊಂಡವರು ನಾನು ಮತ್ತು ನನ್ನ ಹೆಂಡತಿ. ಅವರು ಹೋದ ಮೇಲೆ ಇನ್ನು ಮೇಷ್ಟ್ರು ಸ್ವಲ್ಪ ಸುಧಾರಿಸಿಕೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ. ಆಗಿದ್ದು ಬೇರೆ. ದಿನಾ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಅಪ್ಪನ ಮಗ್ಗುಲು ಬದಲಿಸುವ ಹೊತ್ತು ಅದು. ಎದ್ದು ಕೂತರೆ ಮಾಡಲು ಏನೂ ಕೆಲಸವಿಲ್ಲ. ಮತ್ತೆ ನಿದ್ದೆಯೂ ಇಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ಅರ್ಧಕ್ಕೆ ನಿಂತುಬಿಡುತ್ತಿದ್ದೆ. ಉತ್ತರಪತ್ರಿಕೆ ತಿದ್ದುವಾಗ ಸುಮ್ನೆ ಕಣ್ಣು ತುಂಬುತ್ತಿತ್ತು. ಎದೆಯಲ್ಲಿ ಬಿಗಿತ. "ನೀವು ಯುಗಾದಿಯಿಂದ ಒಂದು ಸಲವಾದರೂ ನಕ್ಕಿದ್ದು ನೋಡಿಲ್ಲ ರೀ" ಎಂದು ಹೆಂಡತಿ ಹೇಳಿದಾಗ ಗಣೇಶನ ಹಬ್ಬ ಕಳೆದಿತ್ತು.

ಎದೆ ಬಿಗಿ ಎಂದ ತಕ್ಷಣ ಎಲ್ಲರೂ ಹೋಗುವ ಕಡೆಗೇ ನಾನೂ ಹೋದೆ. ಇಸಿಜಿ, ಎಕೋ, ಥೈರಾಯ್ಡ್, ಬಿ12, ಶುಗರ್. ಎಲ್ಲ ನಾರ್ಮಲ್. ಈ ಹಂತವನ್ನು ದಂಡ ಎಂದು ನಾನು ಹೇಳುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ ಬಿ12 ಕಡಿಮೆಯಾದರೂ ಹೀಗೇ ಸುಸ್ತು, ಬೇಸರ ಆಗುತ್ತದೆ. ಮೊದಲು ಅದನ್ನು ನೋಡಿಬಿಡುವುದು ಒಳ್ಳೆಯದೇ. ಆದರೆ ರಿಪೋರ್ಟ್ ಮಡಚಿಟ್ಟ ಡಾಕ್ಟರು "ಟೆನ್ಶನ್ ಮಾಡ್ಕೋಬೇಡಿ ಮೇಷ್ಟ್ರೇ" ಎಂದು ಕಳಿಸಿಬಿಟ್ಟರು. ಟೆನ್ಶನ್ ಮಾಡಿಕೊಳ್ಳದೆ ಇರುವುದು ಹೇಗೆ ಎಂದು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಆಮೇಲೆ ಸಲಹೆಗಳ ಸುಗ್ಗಿ. ಪಿಇ ಮೇಷ್ಟ್ರು ಬೆಳಿಗ್ಗೆ ಐದಕ್ಕೆ ವಾಕಿಂಗ್ ಎಂದರು. ಭಾವ ಅಪ್ಪನ ತಿಥಿಯಲ್ಲಿ ಏನೋ ಲೋಪವಾಗಿರಬೇಕು, ಒಂದು ಶಾಂತಿ ಮಾಡಿಸು ಎಂದರು. ಚಿಕ್ಕಮ್ಮ ದೃಷ್ಟಿ ತೆಗೆದರು. ಶಾಂತಿ ಮಾಡಿಸಿದೆವು, ವಾಕಿಂಗೂ ಮಾಡಿದೆ. ಎರಡರಲ್ಲೂ ತಪ್ಪೇನಿಲ್ಲ. ಆದರೆ ಎಲ್ಲರೂ ಹೇಳುತ್ತಿದ್ದರೇ ಹೊರತು ಏನಾಗುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ.

ಕೊನೆಗೆ ನನ್ನ ಹೆಂಡತಿಯೇ "ಯಾರಾದರೂ ಸೈಕಾಲಜಿಸ್ಟ್ ಹತ್ತಿರ ಹೋಗೋಣ" ಎಂದಳು. ನಮ್ಮ ಕಡೆ ಯಾರಾದರೂ ಎಡವಟ್ಟಾಗಿ ಮಾತಾಡಿದರೆ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಎಂದು ನಗುವುದುಂಟು. ಧಾರವಾಡದ ಕಡೆಯಿಂದ ಬಂದ ನಮ್ಮ ಹಿಂದಿ ಮೇಷ್ಟ್ರು ಅದೇ ನಗೆಗೆ ತಮ್ಮ ಊರಿನ ಆಸ್ಪತ್ರೆಯ ಹೆಸರು ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಆ ಜೋಕಿಗೆ ನಾನೂ ನಕ್ಕವನೇ. ಹಾಗಾಗಿ ಅವಳ ಮಾತು ಕೇಳಿ ಒಂದು ವಾರ ಬಾಯಿ ಬಿಡಲಿಲ್ಲ.

ಹುಡುಕಲು ಶುರು ಮಾಡಿದ್ದು ಜಿಲ್ಲಾ ಕೇಂದ್ರದಲ್ಲಿ, ಊರಿಂದ ದೂರ ಎಂಬ ಒಂದೇ ಕಾರಣಕ್ಕೆ. ಅಲ್ಲಿ ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ "ಆಪ್ತಸಮಾಲೋಚನಾ ಕೇಂದ್ರ" ಎಂಬ ಬೋರ್ಡ್ ಇತ್ತು. ಗೋಡೆ ತುಂಬಾ ಸರ್ಟಿಫಿಕೇಟುಗಳು. ಕೂತವರು ಚೆನ್ನಾಗಿಯೇ ಮಾತಾಡಿದರು. ತೊಂದರೆ ಏನೆಂದರೆ ಮಾತಾಡಿದ್ದೆಲ್ಲ ಅವರೇ. ಪಾಸಿಟಿವ್ ಥಿಂಕಿಂಗ್, ಬ್ರಹ್ಮಾಂಡದ ಶಕ್ತಿ, ಸುಪ್ತ ಮನಸ್ಸು. ಕೊನೆಗೆ ಸಂಮೋಹನದ ಒಂದು ಪ್ಯಾಕೇಜ್ ಇದೆ, ಪೂರ್ತಿ ಹಣ ಮೊದಲೇ ಕಟ್ಟಿದರೆ ರಿಯಾಯಿತಿ ಎಂದರು. ಟ್ಯೂಷನ್ ಸೆಂಟರಿನವರೂ ಹೀಗೇ ಹೇಳುವುದು, ಆ ರಾಗ ನನಗೆ ಚೆನ್ನಾಗಿ ಗೊತ್ತು. ಕಟ್ಟಲಿಲ್ಲ.

ಇಂಥ ಬೋರ್ಡುಗಳ ಬಗ್ಗೆ ಆಮೇಲೆ ತಿಳಿದಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯನ್ನೋ ಡಿಪ್ಲೊಮಾವನ್ನೋ ಮಾಡಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವ ಹಾಗಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷದ ಎಂ.ಫಿಲ್ ಮಾಡಿ ಬಂದವರು ಇವರಲ್ಲಿ ಜಾಸ್ತಿ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆ ಅದು. ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದೆ, ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಕೌನ್ಸೆಲರ್ ಎಂಬ ಬೋರ್ಡಿಗೆ ಇಷ್ಟು ಬಿಗಿಯಿಲ್ಲ. ಒಳ್ಳೆಯ ಕೌನ್ಸೆಲರುಗಳು ಖಂಡಿತ ಇದ್ದಾರೆ. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಬೋರ್ಡ್ ಒಂದೇ ಥರ ಕಾಣುತ್ತವೆ.

ಆಮೇಲೆ ಮಗಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಇಂಗ್ಲಿಷಿನಲ್ಲಿ ಉದ್ದದ ಫಾರ್ಮ್. ತುಂಬಿದೆ. ದೂರದ ನಗರದ ಒಬ್ಬ ಹುಡುಗಿ ವಿಡಿಯೋದಲ್ಲಿ ಬಂದಳು. ಒಳ್ಳೆಯ ಹುಡುಗಿ, ತಾಳ್ಮೆಯಿಂದ ಕೇಳಿದಳು. ಆದರೆ ನಾನು ಇಂಗ್ಲಿಷಿನಲ್ಲಿ ಮಾತಾಡುವುದು ಡಿಡಿಪಿಐ ಆಫೀಸಿಗೆ ಪತ್ರ ಬರೆಯುವ ಹಾಗೆ. ಅಪ್ಪನ ಕಾಲು ಒರೆಸುವಾಗ ಅವರು ನಾಚಿಕೆಯಿಂದ ಮುಖ ಆಚೆ ತಿರುಗಿಸುತ್ತಿದ್ದದ್ದನ್ನು ಆ ಭಾಷೆಯಲ್ಲಿ ಹೇಳಲು ಹೊರಟೆ. ನನಗೇ ಯಾರದೋ ಕಥೆ ಓದಿದ ಹಾಗೆ ಕೇಳಿಸಿತು. ಕನ್ನಡದವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಪಟ್ಟಿಯಲ್ಲಿದ್ದ ಕನ್ನಡದವರಿಗೆ ಸಂಜೆಯ ಹೊತ್ತು ಖಾಲಿ ಇರಲಿಲ್ಲ. ಆ ದಾರಿ ಅಲ್ಲಿಗೆ ಮುಗಿಯಿತು.

14416 ನಂಬರನ್ನು ನಾನು ನೋಡಿದ್ದು ನಮ್ಮ ಶಾಲೆಯದೇ ಗೋಡೆಯ ಮೇಲೆ. ಪರೀಕ್ಷೆಯ ಭಯ ಇರುವ ಮಕ್ಕಳಿಗೆ ಎಂದು ಆರೋಗ್ಯ ಇಲಾಖೆಯವರು ಅಂಟಿಸಿ ಹೋದ ಪೋಸ್ಟರ್. ಟೆಲಿ ಮಾನಸ್ ಎಂದು ಅದರ ಹೆಸರು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ದಿನ, ಶುರುವಾಗಿದ್ದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಇಪ್ಪತ್ನಾಲ್ಕು ಗಂಟೆ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಿಸಿಯೂಟದ ಕೋಣೆಯ ಹಿಂದೆ ನಿಂತು ಫೋನ್ ಮಾಡಿದೆ. ಹೆಸರು ಹೇಳಲೇಬೇಕಾ ಎಂದು ಕೇಳಿದೆ. ಬೇಡ ಸರ್, ಯಾವ ಜಿಲ್ಲೆ ಅಂತ ಹೇಳಿ ಸಾಕು ಎಂದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ನಿದ್ದೆ ಹೇಗಿದೆ?"

ಮೂರು ಗಂಟೆಯ ಎಚ್ಚರದ ಕಥೆಯನ್ನು ನಾನು ಮನೆಯ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಅವರು ಸಲಹೆ ಏನೂ ಕೊಡಲಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಸೈಕಿಯಾಟ್ರಿಸ್ಟ್ ಬರುತ್ತಾರೆ, ಹೋಗಿ ತೋರಿಸಿ, ಮಾತಿನ ಚಿಕಿತ್ಸೆ ಬೇಕು ಎಂದರೆ ಅವರೇ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ ಎಂದರು. ನನಗೆ ನಂಬಿಕೆಯೇ ಬರಲಿಲ್ಲ. ನಾನು ದಿನಾ ಬೈಕಿನಲ್ಲಿ ಹಾದುಹೋಗುವ ಆಸ್ಪತ್ರೆ ಅದು. ಅಲ್ಲಿ ಹೆರಿಗೆ, ನಾಯಿ ಕಡಿತದ ಇಂಜೆಕ್ಷನ್, ಪೋಸ್ಟ್‌ಮಾರ್ಟಂ ಇಷ್ಟೇ ಎಂದುಕೊಂಡಿದ್ದೆ. ರಾಜ್ಯ ಸರ್ಕಾರದ ಮನೋಚೈತನ್ಯ ಎಂಬ ಕಾರ್ಯಕ್ರಮವಂತೆ ಇದು. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಡಾಕ್ಟರು ಕೂರುವುದು.

ಹತ್ತಿರ ಇರುವುದೇ ಇಲ್ಲಿ ತೊಂದರೆ. ಅರ್ಧ ದಿನದ ಸಿ.ಎಲ್. ಬರೆದು, ಕಾರಣದ ಜಾಗದಲ್ಲಿ "ಸ್ವಂತ ಕೆಲಸ" ಎಂದು ಹಾಕಿ ಹೋದೆ. ಹೊರರೋಗಿ ಚೀಟಿ ಮಾಡಿಸಿ, ಹೇಳಿದ ಕೋಣೆಯ ಮುಂದೆ ಬೆಂಚಿನಲ್ಲಿ ಕೂತೆ. ಕೂತು ಐದು ನಿಮಿಷ ಆಗಿಲ್ಲ, "ನಮಸ್ಕಾರ ಸರ್, ನೀವೇನಿಲ್ಲಿ?" ಎಂಬ ದನಿ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ತಾಯಿ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ತಾಯಿಗೆ ನನ್ನ ಉತ್ತರವೇ ಬೇಕಿರಲಿಲ್ಲ. "ನಮ್ಮ ಯಜಮಾನ್ರಿಗೆ ಮಾತ್ರೆ ತಗಂಡು ಹೋಗಕ್ಕೆ ಬಂದೆ ಸರ್. ಎರಡು ವರ್ಷದಿಂದ ಕುಡಿಯೋದು ಬಿಟ್ಟಿದಾರೆ. ಈ ಡಾಕ್ಟ್ರು ಒಳ್ಳೇರು. ನಮ್ಮುಡುಗ ಲೆಕ್ಕದಲ್ಲಿ ಹೆಂಗಿದಾನೆ ಸರ್?" ಎಂದರು. ಲೆಕ್ಕದಲ್ಲಿ ಹುಡುಗ ಸುಮಾರಾಗಿದ್ದ. ಅದನ್ನೇ ಮಾತಾಡುತ್ತಾ ನನ್ನ ಸರದಿ ಬಂತು. ಆ ಬೆಂಚಿನಲ್ಲಿದ್ದವರನ್ನು ಮುಂದೆಯೂ ನೋಡುತ್ತಾ ಬಂದಿದ್ದೇನೆ. ಫಿಟ್ಸ್ ಇರುವವರು, ಕುಡಿತ ಬಿಡಲು ಬಂದವರು, ಹೆರಿಗೆಯಾದ ಮೇಲೆ ಅಳು ನಿಲ್ಲದೆ ತಾಯಿ ಮನೆಯವರು ಕರೆತಂದ ಹುಡುಗಿ. ನಾನು ಹೆದರಿಕೊಂಡಿದ್ದ ಥರದವರು ಯಾರೂ ಅಲ್ಲಿ ಸಿಗಲಿಲ್ಲ.

ಡಾಕ್ಟರು ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ಹೇಗಿತ್ತು ಎಂಬ ಒಂಬತ್ತು ಪ್ರಶ್ನೆ, ಕನ್ನಡದಲ್ಲಿ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಗಣಿತದವನು, ಕೂಡಿಸದೆ ಇರಲಾಗಲಿಲ್ಲ. 27ಕ್ಕೆ 17. ಕೊಡುವಾಗ ಅದನ್ನೂ ಹೇಳಿದೆ. "ಇದರಲ್ಲಿ ಕಡಿಮೆ ತಗೊಂಡವರೇ ಪಾಸ್ ಸರ್" ಎಂದರು ಡಾಕ್ಟರು. ಎಷ್ಟೋ ತಿಂಗಳ ಮೇಲೆ ನಗು ಬಂತು.

ಆಮೇಲೆ ಅವರ ಪೆನ್ನು ಒಂಬತ್ತನೇ ಪ್ರಶ್ನೆಯ ಮೇಲೆ ನಿಂತಿತು. ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎನಿಸಿದೆಯಾ ಎಂಬ ಅರ್ಥದ ಪ್ರಶ್ನೆ ಅದು. ನಾನು ಒಂದಕ್ಕೆ ಗುರುತು ಹಾಕಿದ್ದೆ, ಅಂದರೆ ಕೆಲವು ದಿನ. ಅವರು ಮಾತು ಸುತ್ತಿ ಬಳಸಲಿಲ್ಲ. ಯೋಚನೆ ಮಾತ್ರವಾ, ಹೀಗೆ ಮಾಡಬೇಕು ಎಂದು ಏನಾದರೂ ಅಂದುಕೊಂಡಿದ್ದೀರಾ, ಮನೆಯಲ್ಲಿ ಯಾರಿಗೆ ಗೊತ್ತು ಎಂದು ನೇರವಾಗಿ ಕೇಳಿದರು. ಯೋಚನೆ ಮಾತ್ರ ಎಂದೆ, ಅದು ನಿಜವೇ. ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಬನ್ನಿ, ರಾತ್ರಿ ಹೊತ್ತು ಅಂಥ ಯೋಚನೆ ಜೋರಾದರೆ ಒಬ್ಬರೇ ಕೂರಬೇಡಿ, ಅವರನ್ನು ಎಬ್ಬಿಸಿ, ಇಲ್ಲಾಂದ್ರೆ 14416ಕ್ಕೆ ಮಾಡಿ ಎಂದರು. ಅಷ್ಟು ನೇರವಾಗಿ ಕೇಳಿದ್ದರಿಂದ ಭಯವಾಗಲಿಲ್ಲ. ಹೇಳಿಬಿಟ್ಟೆನಲ್ಲ ಎಂದು ಮೈ ಸಡಿಲವಾಯಿತು.

ಶಾಲೆಗೆ ಗೊತ್ತಾಗುತ್ತದಾ ಎಂದು ಕೇಳಿದೆ. ಇಲ್ಲ ಎಂದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿರಬೇಕು ಎಂಬುದು ರೋಗಿಯ ಹಕ್ಕು. ಅದೇ ಕಾಯ್ದೆ ವಿಮೆಯವರು ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯ ಹಾಗೇ ನೋಡಬೇಕು ಎಂದೂ ಹೇಳುತ್ತದೆ. ಹೇಳುವುದೇನೋ ಹೇಳುತ್ತದೆ, ನನ್ನ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುವಂಥದ್ದು. ಕೂತು ಮಾತಾಡುವ ಚಿಕಿತ್ಸೆಗೆ ಅದರಿಂದ ಒಂದು ರೂಪಾಯಿಯೂ ಬರಲಿಲ್ಲ.

ಡಾಕ್ಟರು ಒಂದು ಮಾತ್ರೆ ಬರೆದರು. ಎರಡರಿಂದ ನಾಲ್ಕು ವಾರ ಆಗುತ್ತದೆ ಗುಣ ಕಾಣಲು, ನಾಲ್ಕು ದಿನ ನೋಡಿ ಬಿಟ್ಟುಬಿಡಬೇಡಿ, ಹುಷಾರಾಯಿತು ಎಂದು ನೀವೇ ನಿಲ್ಲಿಸಲೂಬೇಡಿ ಎಂದರು. ಜೊತೆಗೆ ಜಿಲ್ಲಾ ಆಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಒಂದು ಚೀಟಿ.

ಸೈಕಾಲಜಿಸ್ಟ್ ಮೇಡಂ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಈ ಮಗುವಿಗೆ ನಾನು ಏನು ಹೇಳಲಿ ಎನಿಸಿತು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕಬ್ಬಿಣದ ಬೀರು, ತಿರುಗಿದರೆ ಸದ್ದು ಮಾಡುವ ಫ್ಯಾನು. ನಡುವೆ ಒಬ್ಬರಲ್ಲ ಒಬ್ಬರು ಬಾಗಿಲು ತೆಗೆದು ಇಣುಕುತ್ತಿದ್ದರು. ಪ್ರತಿ ಸಲವೂ ಮೇಡಂ ಎದ್ದುಹೋಗಿ ಬಾಗಿಲು ಹಾಕಿ ಬಂದು, ನಿಂತ ಮಾತಿನಿಂದಲೇ ಮುಂದುವರಿಸುತ್ತಿದ್ದರು. ನಾನು ಎಲ್ಲಿ ನಿಲ್ಲಿಸಿದ್ದೆ ಎಂದು ನನಗೇ ನೆನಪಿರುತ್ತಿರಲಿಲ್ಲ. ಅವರಿಗೆ ನೆನಪಿರುತ್ತಿತ್ತು.

ಮೊದಲ ದಿನ ಅಪ್ಪನ ಕಾಯಿಲೆಯ ಕಥೆಯನ್ನೆಲ್ಲ ಹೇಳಿದೆ. ಯಾವ ಆಸ್ಪತ್ರೆ, ಎಷ್ಟು ಖರ್ಚು, ಯಾವ ಮಾತ್ರೆ. ಪೂರ್ತಿ ಕೇಳಿ ಅವರು, "ಸರ್, ಆ ನಾಲ್ಕು ವರ್ಷ ನೀವು ಎಲ್ಲಿದ್ರಿ?" ಎಂದರು. ಅಲ್ಲೇ ಇದ್ದೆನಲ್ಲ ಮೇಡಂ ಎಂದೆ. "ಅಲ್ಲಿದ್ರಿ. ನಿಮಗೇನಾಗ್ತಿತ್ತು ಅಂತ ಒಂದು ಮಾತೂ ಬರಲಿಲ್ಲ" ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಅದೇ ತಲೆಯಲ್ಲಿತ್ತು.

ಸಿನಿಮಾದ ಹಾಗೆ ಸೋಫಾ ಮೇಲೆ ಮಲಗಿಸಿ ಬಾಲ್ಯ ಕೇಳುತ್ತಾರೆ ಎಂದುಕೊಂಡಿದ್ದೆ. ಇಲ್ಲಿ ಹೋಂವರ್ಕ್ ಕೊಟ್ಟರು. ದಿನದ ಒಂದೊಂದು ಗಂಟೆ ಏನು ಮಾಡಿದೆ, ಮನಸ್ಸು ಹತ್ತರಲ್ಲಿ ಎಷ್ಟಿತ್ತು ಎಂದು ಬರೆಯುವುದು. ನನಗೆ ಇದು ಹಿಡಿಸಿತು, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದುಕೊಂಡೇ ಹೋದೆ. ಗೆರೆ ಸಂಜೆ ಐದರಿಂದ ಏಳರವರೆಗೆ ದಿನಾ ಕೆಳಗೆ. ಅಪ್ಪನಿಗೆ ಗಂಜಿ ಕುಡಿಸುತ್ತಿದ್ದ ಹೊತ್ತು. ಈಗ ಆ ಹೊತ್ತಿನಲ್ಲಿ ನಾನು ಜಗುಲಿಯ ಮೇಲೆ ಸುಮ್ನೆ ಕೂರುತ್ತಿದ್ದೆ. ಮೊದಲು ಆ ಹೊತ್ತಿಗೆ ಏನು ಮಾಡ್ತಿದ್ರಿ ಎಂದರು. ಶಟಲ್ ಆಡುತ್ತಿದ್ದೆ. ಮನಸ್ಸು ಬಂದಾಗ ಆಡೋಣ ಅಂತ ಕಾಯಬೇಡಿ, ಮೊದಲು ಹೋಗಿ ಬ್ಯಾಟ್ ಹಿಡಿದು ನಿಂತ್ಕೊಳ್ಳಿ, ಮನಸ್ಸು ಆಮೇಲೆ ಬಂದರೆ ಬರಲಿ ಎಂದರು. ಮೊದಲ ವಾರ ಬರೀ ನಿಂತು ಬಂದೆ. ಪಿಇ ಮೇಷ್ಟ್ರು ನನ್ನ ವಾಕಿಂಗ್ ಸಲಹೆ ಫಲಿಸಿತು ಎಂದುಕೊಂಡು ಖುಷಿಪಟ್ಟರು. ಪಡಲಿ.

ನಿಜವಾದ ವಿಷಯ ಹೊರಗೆ ಬರಲು ಎಷ್ಟೋ ವಾರ ಹಿಡಿಯಿತು. ಅಪ್ಪ ಹೋದ ಸಂಜೆ ನನಗೆ ಮೊದಲು ಬಂದ ಯೋಚನೆ, ಇವತ್ತು ರಾತ್ರಿ ಪೂರ್ತಿ ನಿದ್ದೆ ಮಾಡಬಹುದು ಎಂದು. ದುಃಖ ಆಮೇಲೆ ಬಂತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳಿ ತಲೆ ತಗ್ಗಿಸಿ ಕೂತೆ. ಅಯ್ಯೋ ಹಾಗೆಲ್ಲ ಅಂದ್ಕೋಬೇಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಾಲ್ಕು ವರ್ಷ ರಾತ್ರಿ ಮೂರಕ್ಕೆ ಎದ್ದ ನಿಮ್ಮ ಸಹೋದ್ಯೋಗಿ ಒಬ್ಬರು ಬಂದು ನಿಮಗೆ ಇದೇ ಮಾತು ಹೇಳಿದ್ರೆ, ನೀವು ಏನಂತೀರಿ ಸರ್?" ಎಂದರು. ಇದೊಂದು ಉಪಾಯದ ಪ್ರಶ್ನೆ ಎಂದು ನನಗೆ ತಕ್ಷಣ ಗೊತ್ತಾಯಿತು. ನಾನೂ ಮಕ್ಕಳಿಗೆ ಹೀಗೇ ಪ್ರಶ್ನೆ ತಿರುಗಿಸಿ ಹಾಕುವವನು. ಗೊತ್ತಾದರೂ ಅದು ಕೆಲಸ ಮಾಡಿತು. ಅತ್ತೆ. ಅವರು ಬೀರುವಿನ ಮೇಲಿದ್ದ ಟಿಶ್ಯೂ ಡಬ್ಬ ಈಚೆ ತಳ್ಳಿದರು, ಅಷ್ಟೇ.

ಜಿಲ್ಲೆ ಜಿಲ್ಲೆಯಲ್ಲಿ ಈ ವ್ಯವಸ್ಥೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಇದರ ಬೇರು ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಯನ್ನು ಊರಿನಲ್ಲೇ ನೋಡಬಹುದಾ ಎಂದು ಪ್ರಯೋಗ ಮಾಡಿದರು. ಆ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಕಡೆ ಶುರುವಾಯಿತು. ಇಷ್ಟು ಹಳೆಯ ವ್ಯವಸ್ಥೆ ನಮ್ಮೂರಿನಲ್ಲಿ ಇದೆ ಎಂದು ಇಷ್ಟು ಓದಿದ ನನಗೇ ಗೊತ್ತಿರಲಿಲ್ಲ ಎಂದರೆ ಇಲಾಖೆ ಇನ್ನೂ ನಾಲ್ಕು ಪೋಸ್ಟರ್ ಅಂಟಿಸಬೇಕು.

ಆ ಹೊತ್ತಿಗೆ ಮೇಡಂ ಗುತ್ತಿಗೆ ಮುಗಿಯಿತು. ಹುದ್ದೆ ಗುತ್ತಿಗೆಯದು, ಹೊಸಬರು ಬರುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಜನ ಮನಸ್ಸು ಬಿಚ್ಚುವುದಕ್ಕೇ ತಿಂಗಳುಗಟ್ಟಲೆ ಹಿಡಿಯುವ ಕೆಲಸಕ್ಕೆ ವರ್ಷದ ಗುತ್ತಿಗೆ ಯಾಕೆ ಮಾಡುತ್ತಾರೋ ನನಗೆ ಇವತ್ತಿಗೂ ಸಿಟ್ಟಿದೆ. ಕೊನೆಯ ದಿನ ಅವರು ನನ್ನ ಫೈಲಿನ ಸಾರಾಂಶ ಬರೆದು ಕೈಗೆ ಕೊಟ್ಟರು. ಮುಂದಿನವರಿಗೆ ಮತ್ತೆ ಮೊದಲಿಂದ ಹೇಳುವುದು ತಪ್ಪಲಿ ಎಂದು.

ಎರಡನೇ ಸಲ ಹುಡುಕುವಾಗ ನನಗೆ ಏನು ಕೇಳಬೇಕು ಎಂದು ಗೊತ್ತಿತ್ತು. ಮೊದಲು ಆರ್‌ಸಿಐ ನಂಬರ್ ನೋಡಿದೆ. ಆಮೇಲೆ ಫೋನ್ ಮಾಡಿ ಕೇಳಿದೆ: ಕನ್ನಡದಲ್ಲೇ ಮಾತಾಡುತ್ತೀರಾ, ಆರೈಕೆ ಮಾಡಿ ದಣಿದವರನ್ನು, ಸಾವಿನ ದುಃಖ ಇರುವವರನ್ನು ನೋಡಿದ್ದೀರಾ, ಯಾವ ಪದ್ಧತಿ, ಫೀಸೆಷ್ಟು, ಬರಲಾಗದಿದ್ದರೆ ಎಷ್ಟು ಮೊದಲು ಹೇಳಬೇಕು, ನನ್ನ ಸೈಕಿಯಾಟ್ರಿಸ್ಟ್ ಜೊತೆ ಬೇಕಾದರೆ ಮಾತಾಡುತ್ತೀರಾ. ಒಬ್ಬರು ಇಷ್ಟೆಲ್ಲ ಕೇಳುವುದೇನು ಎಂಬ ಧಾಟಿಯಲ್ಲಿ ಉತ್ತರಿಸಿದರು. ಅವರನ್ನು ಬಿಟ್ಟೆ. ಇನ್ನೊಬ್ಬರು ಮೂರೇ ಭೇಟಿಯಲ್ಲಿ ಸರಿಮಾಡುತ್ತೇನೆ ಎಂದರು. ಅವರನ್ನೂ ಬಿಟ್ಟೆ. ಮೈಸೂರಿನ ಒಬ್ಬರು ಎಲ್ಲಕ್ಕೂ ಸಮಾಧಾನವಾಗಿ ಹೇಳಿ, "ಎರಡು ಮೂರು ಸಲ ಮಾತಾಡಿ ನೋಡಿ, ನನ್ನ ಜೊತೆ ಹೊಂದಲಿಲ್ಲ ಅಂದ್ರೆ ಹೇಳಿ, ಬೇರೆಯವರ ಹೆಸರು ಕೊಡ್ತೀನಿ" ಎಂದರು. ಈಗ ಅವರೇ. ಒಂದು ಸಲಕ್ಕೆ 900 ರೂಪಾಯಿ, ಮುಕ್ಕಾಲು ಗಂಟೆ, ಆನ್‌ಲೈನ್. ಬೆಂಗಳೂರಿನಲ್ಲಿರುವ ತಮ್ಮನಿಗೆ ಹೇಳಿದಾಗ ಅವನು ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಬೇರೆ ಒಂದು ಕ್ಷೇಮ ಕೇಂದ್ರ ಇದೆ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕಿಲ್ಲ, ಬಾ ಎಂದ. ಆ ಊರಿನಲ್ಲಿರುವವರಿಗೆ ಅದು ಅನುಕೂಲ. ನನಗೆ ದೂರ.

ಆನ್‌ಲೈನಿಗೆ ಮನೆಯಲ್ಲಿ ಜಾಗವಿಲ್ಲ. ಹೆಂಚಿನ ಮನೆ, ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳುತ್ತದೆ. ಕಾರನ್ನು ಕೆರೆ ಏರಿಯ ಹತ್ತಿರ ನಿಲ್ಲಿಸಿ, ಗಾಜು ಏರಿಸಿ ಮಾತಾಡುತ್ತೇನೆ. ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ಮಳೆಗಾಲದಲ್ಲಿ ಕೈಕೊಡುತ್ತದೆ, ಆಗ ಬರೀ ಫೋನ್. ಕಳೆದ ಸಲ ಹಾಳೆಯಲ್ಲಿ ನನ್ನ ಅಂಕ ಆರಕ್ಕೆ ಇಳಿದಿತ್ತು. ಮಾತ್ರೆಯ ಪ್ರಮಾಣವನ್ನು ತಾಲ್ಲೂಕು ಆಸ್ಪತ್ರೆಯ ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡುತ್ತಿದ್ದಾರೆ. ಮೂರು ಗಂಟೆಗೆ ಈಗಲೂ ಕೆಲವು ದಿನ ಎಚ್ಚರವಾಗುತ್ತದೆ. ನೀರು ಕುಡಿದು ಮಲಗಿದರೆ ಹೆಚ್ಚಿನ ಸಲ ನಿದ್ದೆ ಬರುತ್ತದೆ.

ಹೋದ ತಿಂಗಳು ನಮ್ಮ ಹಿಂದಿ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೋಗುವವರೆಗೆ ಕಾದು, "ನೀವು ಮಂಗಳವಾರ ಎಲ್ಲಿಗೋ ಹೋಗ್ತೀರಲ್ಲ, ಅಲ್ಲಿ ಹೆಂಗಸರನ್ನೂ ನೋಡ್ತಾರೇನ್ರೀ?" ಎಂದರು. ನೋಡುತ್ತಾರೆ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಹಳೆಯ ರಿಪೋರ್ಟ್ ಇದ್ದರೆ ತನ್ನಿ, ಒಂಬತ್ತೂವರೆಗೇ ಚೀಟಿ ಮಾಡಿಸಿ, ಹನ್ನೊಂದರ ಮೇಲೆ ಹೋದರೆ ಸಾಲು ಜಾಸ್ತಿ ಎಂದೆ.